ನಾಡಿ ನಿಧಾನ ಅಂತ ಗೊತ್ತಾದರೆ ಮೊದಲು ಬೇಕಾದ್ದು ಒಂದು ನೋಟ್‌ಬುಕ್

ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುವವರ ಕೈಯಲ್ಲಿ ಈಗ ವಾಚೇ ನಾಡಿ ಎಣಿಸುತ್ತದೆ. ಅದು 48 ಅಂತ ತೋರಿಸಿದರೆ ಎದೆ ಧಸಕ್ಕೆನ್ನುತ್ತದೆ. ಸಂಜೆಯೊಳಗೆ ಮನೆಯಲ್ಲಿ ಪೇಸ್‌ಮೇಕರ್ (ಹೃದಯ ನಿಧಾನವಾದಾಗ ಅದನ್ನು ಬಡಿಸುವ, ದೇಹದೊಳಗೆ ಇಡುವ ಪುಟ್ಟ ಸಾಧನ) ಮಾತು ಶುರುವಾಗಿರುತ್ತದೆ.

ಸ್ವಲ್ಪ ತಾಳಿ. ಸುಮ್ಮನೆ ಕೂತಾಗ ದೊಡ್ಡವರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಇರುತ್ತದೆ, ನಿಜ. ಆದರೆ ದಿನಾ ಓಡುವವರಿಗೆ, ನಿದ್ದೆಯಲ್ಲಿರುವವರಿಗೆ ಅದು 40ರ ಆಸುಪಾಸಿಗೆ ಇಳಿದರೂ ಕಾಯಿಲೆ ಅಂತ ಅರ್ಥವಲ್ಲ. 2018ರಲ್ಲಿ ಅಮೆರಿಕದ ಹೃದಯತಜ್ಞರ ಸಂಘಗಳು ಒಂದು ಮಾರ್ಗಸೂಚಿ ಹೊರತಂದವು. ಹೃದಯದ ಮೇಲಿನ ಕೋಣೆಯಲ್ಲಿ ಮಿಡಿತ ಹುಟ್ಟುವ ಜಾಗದಲ್ಲೇ ತೊಂದರೆ ಇರುವವರಿಗೆ, ‘ನಾಡಿ ಇಷ್ಟಕ್ಕಿಂತ ಇಳಿದರೆ ಪೇಸ್‌ಮೇಕರ್ ಹಾಕಿ’ ಎಂಬ ಅಂಕಿಯನ್ನು ಅದು ಕೊಡುವುದಿಲ್ಲ. ತಲೆಸುತ್ತು ಬಂದ ಹೊತ್ತಿನಲ್ಲೇ ನಾಡಿಯೂ ಇಳಿದಿತ್ತಾ ಅಂತ ನೋಡಿ ಎನ್ನುತ್ತದೆ. ಆ ಹೊತ್ತನ್ನು ಹಿಡಿಯುವ ಕೆಲಸದಲ್ಲಿ ಅರ್ಧ ಪಾಲು ಮನೆಯವರದ್ದೇ.

ಕೈಯಿಂದ ಎಣಿಸಿ

ನಾಡಿ ನೋಡಬೇಕಾದವರು 5 ನಿಮಿಷ ಸುಮ್ನೆ ಕೂತಿರಲಿ. ಆಮೇಲೆ ಅವರ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ನಿಮ್ಮ ತೋರುಬೆರಳು ಮತ್ತು ನಡುಬೆರಳು ಇಡಿ. ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿದರೆ ನಡುವೆ ತಪ್ಪಿದ ಮಿಡಿತ ಲೆಕ್ಕಕ್ಕೆ ಸಿಗದೇ ಹೋಗಬಹುದು. ಇನ್ನೊಂದು ವಿಷಯ. ಕೆಲವರಿಗೆ ಕೆಲವು ಮಿಡಿತಗಳು ಹೊತ್ತಿಗೆ ಮುಂಚೆ ಬರುತ್ತವೆ. ಅವು ಎಷ್ಟು ದುರ್ಬಲ ಎಂದರೆ ಮಣಿಕಟ್ಟಿನವರೆಗೂ ತಲುಪುವುದಿಲ್ಲ. ಅಂಥವರಿಗೆ ವಾಚು 40 ತೋರಿಸುವಾಗ ಇಸಿಜಿಯಲ್ಲಿ ಹೃದಯ 80 ಸಲ ಬಡಿಯುತ್ತಿರಬಹುದು. ಇಸಿಜಿ ಇಲ್ಲದೆ ಯಾವ ತೀರ್ಮಾನಕ್ಕೂ ಬರಬೇಡಿ.

ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರೆ ಡಬ್ಬಿಯನ್ನೂ ಒಯ್ಯಿರಿ. ಮೆಟೊಪ್ರೊಲಾಲ್, ಅಟೆನೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್, ಇವೆಲ್ಲ ನಾಡಿಯನ್ನು ಇಳಿಸುತ್ತವೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಇಳಿಸಬಹುದು. ಅದನ್ನು ಹೇಳಲು ಎಷ್ಟೋ ಜನ ಮರೆಯುತ್ತಾರೆ, ಕಣ್ಣಿಗೆ ಹಾಕುವುದು ಹೃದಯಕ್ಕೇನು ಮಾಡೀತು ಅಂತ. ಥೈರಾಯ್ಡ್ ಕಡಿಮೆಯಾದರೂ, ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿಯಾದರೂ ನಾಡಿ ನಿಧಾನವಾಗುತ್ತದೆ. ಇವುಗಳಲ್ಲಿ ಯಾವುದಾದರೂ ಕಾರಣವಾಗಿದ್ದರೆ ಪೇಸ್‌ಮೇಕರ್ ಬೇಕಾಗದೇ ಇರಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ದಿಢೀರನೆ ಬಿಟ್ಟರೆ ಎದೆನೋವು ಶುರುವಾಗಬಹುದು.

ಪ್ರಜ್ಞೆ ತಪ್ಪಿದರೆ, ಎದೆನೋವು ಅಥವಾ ಏದುಸಿರು ಬಂದರೆ ಎಣಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.

ಹೋಲ್ಟರ್ ಹಾಕಿದ ದಿನ

ಹೋಲ್ಟರ್ ಅಂದರೆ ಎದೆಗೆ ಅಂಟಿಸಿದ ವೈರುಗಳು, ಸೊಂಟದಲ್ಲೋ ಕೊರಳಲ್ಲೋ ಒಂದು ಪುಟ್ಟ ಮಿಷನ್. 24 ಅಥವಾ 48 ಗಂಟೆ ಪ್ರತಿ ಮಿಡಿತವನ್ನೂ ಅದು ದಾಖಲಿಸುತ್ತದೆ. ಇಲ್ಲಿ ನಾವು ಒಮ್ಮೆ ಎಡವಿದೆವು. ನನ್ನ ಅತ್ತೆಗೆ ಹೋಲ್ಟರ್ ಹಾಕಿಸಿ ಮನೆಗೆ ಕರೆತಂದೆವು. ಅವರು ಇಡೀ ದಿನ ಕುರ್ಚಿ ಬಿಟ್ಟು ಏಳಲಿಲ್ಲ. ‘ಮಿಷನ್ ಹಾಳಾದ್ರೆ ಏನ್ ಗತಿ ಕಣಮ್ಮಾ’ ಅಂತ ಮಹಡಿ ಹತ್ತಲಿಲ್ಲ, ಹೂವಿಗೆ ಗಾಂಧಿ ಬಜಾರಿಗೂ ಹೋಗಲಿಲ್ಲ. ರಿಪೋರ್ಟ್ ಚೆನ್ನಾಗಿಯೇ ಬಂತು. ತಲೆಸುತ್ತು ಮಾತ್ರ ಹಾಗೇ ಉಳಿಯಿತು.

ಎರಡನೇ ಸಲ ಹಾಕಿಸಿದಾಗ ಟೆಕ್ನಿಷಿಯನ್ ಒಂದು ಮಾತು ಹೇಳಿದರು: ಮಿಷನ್ನಿನ ಗಡಿಯಾರಕ್ಕೂ ನಿಮ್ಮ ಅಡುಗೆಮನೆ ಗಡಿಯಾರಕ್ಕೂ ತಾಳೆ ಇರಲಿ. ನಾವು ಗೋಡೆ ಗಡಿಯಾರ ಸರಿಮಾಡಿ, ಅತ್ತೆಯ ಕೈಗೆ ನೋಟ್‌ಬುಕ್ ಕೊಟ್ಟು, ದಿನಾ ಮಾಡುವ ಎಲ್ಲ ಕೆಲಸವನ್ನೂ ಮಾಡಿ ಅಂದೆವು. ‘11.20, ಬಟ್ಟೆ ಒಣಹಾಕುವಾಗ ಕಣ್ಣು ಕತ್ತಲೆ, ಗೋಡೆ ಹಿಡಿದೆ’ ಅಂತ ಬರೆದಿಟ್ಟರು. ಮಿಷನ್ನಿನಲ್ಲಿ ಅದೇ 11.20ಕ್ಕೆ ಹೃದಯ 4 ಸೆಕೆಂಡು ನಿಂತಿತ್ತು. ಡಾಕ್ಟರು ಆ ಸಾಲಿಗೂ ಆ ಗೆರೆಗೂ ಬೆರಳಿಟ್ಟು ತೋರಿಸಿದಾಗ ನಮಗೆ ಎಲ್ಲ ಅರ್ಥವಾಯಿತು.

ಹಾಗಾಗಿ ಸಮಯ, ಆಗ ಮಾಡುತ್ತಿದ್ದ ಕೆಲಸ, ಆದ ಅನುಭವ, ಈ ಮೂರನ್ನೂ ಬರೆಯಿರಿ. ವೈರು ನೆನೆಯಬಾರದು, ಸ್ನಾನ ಮುಂದೂಡಿ. ಬೇರೆಲ್ಲ ಎಂದಿನಂತೆ ಇರಲಿ.

ತಲೆಸುತ್ತು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬರುತ್ತಿದ್ದರೆ ಎರಡು ದಿನದ ಹೋಲ್ಟರ್‌ಗೆ ಸಿಗುವುದು ಕಷ್ಟ. ಆಗ ಎದೆಯ ಚರ್ಮದಡಿ ಇಡುವ ಲೂಪ್ ರೆಕಾರ್ಡರ್ ಇದೆ. ಪೆನ್‌ಡ್ರೈವ್‌ಗಿಂತ ಚಿಕ್ಕದು, ಸುಮಾರು 3 ವರ್ಷ ಕಾವಲು ಕಾಯುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ನೋಟ್‌ಬುಕ್‌ಗೆ ಕಾಯಬಾರದು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂದೇಶ ಹೋಗುವುದೇ ಪೂರ್ತಿ ಕಡಿದುಹೋಗಿದ್ದರೆ ಅದು ಕಂಪ್ಲೀಟ್ ಹಾರ್ಟ್ ಬ್ಲಾಕ್. ಅದು ತಾನಾಗಿ ಸರಿಹೋಗುವಂಥದ್ದಲ್ಲ ಅಂತ ಖಚಿತವಾದರೆ, ತಲೆಸುತ್ತು ಇಲ್ಲದಿದ್ದರೂ ಪೇಸ್‌ಮೇಕರ್ ಬೇಕು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ.

ಒಂದು ವೈರೋ, ಎರಡೋ?

ಪೇಸ್‌ಮೇಕರ್ ಹಾಕಿಸುವುದು ಖಚಿತವಾದ ಮೇಲೆ, ಅದರಿಂದ ಹೃದಯದೊಳಕ್ಕೆ ಹೋಗುವ ವೈರಿನ ಬಗ್ಗೆ ಬರುವ ಪ್ರಶ್ನೆ ಇದು. ಖರ್ಚೂ ಬೇರೆ ಬೇರೆ. ಇದಕ್ಕೆ ಒಳ್ಳೆಯ ಸಂಶೋಧನೆ ಇದೆ. ಬ್ರಿಟನ್ನಿನಲ್ಲಿ ಹಾರ್ಟ್ ಬ್ಲಾಕ್ ಇದ್ದ, 70 ದಾಟಿದ 2021 ಜನರ ಮೇಲೆ ನಡೆದ ಯುಕೆಪೇಸ್ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕೆಳಗಿನ ಕೋಣೆಗೆ ಒಂದೇ ವೈರು ಹಾಕಿಸಿಕೊಂಡವರಿಗೂ ಎರಡು ಹಾಕಿಸಿಕೊಂಡವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಿಡಿತ ಹುಟ್ಟುವ ಜಾಗ ಸೋತವರ ಕಥೆ ಬೇರೆ. ಡೆನ್ಮಾರ್ಕ್ ಮುಂದಾಳಾಗಿ 1415 ಜನರ ಮೇಲೆ ನಡೆಸಿದ ಡ್ಯಾನ್‌ಪೇಸ್, 2011ರಲ್ಲಿ ಪ್ರಕಟವಾದದ್ದು. ಅಲ್ಲೂ ಆಯಸ್ಸಿನಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಮೇಲಿನ ಕೋಣೆಗೆ ಮಾತ್ರ ವೈರು ಹಾಕಿಸಿಕೊಂಡವರಲ್ಲಿ ಮತ್ತೆ ಆಪರೇಷನ್ ಮಾಡಿಸಬೇಕಾದವರು, ಎರಡು ವೈರು ಹಾಕಿಸಿಕೊಂಡವರಿಗಿಂತ ಸುಮಾರು ಎರಡು ಪಟ್ಟು. ಹಾಗಾಗಿ ‘ಯಾವುದು ಒಳ್ಳೆಯದು’ ಅಂತ ಬರೀ ಕೇಳಬೇಡಿ. ‘ನಮ್ಮವರ ತೊಂದರೆ ಎಲ್ಲಿದೆ, ಮೇಲೋ ನಡುವೆಯೋ’ ಅಂತ ಕೇಳಿ.

ಅಧ್ಯಯನಕ್ಕೆ ಸೇರಿ ಅಂದರೆ

ದೊಡ್ಡ ಆಸ್ಪತ್ರೆಗಳು ಚಿಕಿತ್ಸೆಯ ಜೊತೆಗೆ ಸಂಶೋಧನೆಯನ್ನೂ ಮಾಡುತ್ತವೆ. ನಮ್ಮ ಜಯದೇವ ಸಂಸ್ಥೆಯ ಹೆಸರಿನಲ್ಲೇ ‘ಸಂಶೋಧನೆ’ ಎಂಬ ಪದ ಇದೆ ಅಲ್ವಾ? ಎಲ್ಲೇ ಆಗಲಿ, ಅಧ್ಯಯನಕ್ಕೆ ಸೇರುತ್ತೀರಾ ಅಂತ ಕೇಳಿದರೆ ಹೆದರಬೇಡಿ, ತಕ್ಷಣ ಸಹಿಯನ್ನೂ ಹಾಕಬೇಡಿ. ಮೊದಲು ಸಿಟಿಆರ್‌ಐ ನಂಬರ್ ಕೇಳಿ. ಇದು 2007ರಲ್ಲಿ ಶುರುವಾದ, ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲಾತಿ. ಅದರ ವೆಬ್‌ಸೈಟಿನಲ್ಲಿ ಅಧ್ಯಯನದ ಉದ್ದೇಶ, ನಡೆಯುವ ಊರು ಮತ್ತು ಆಸ್ಪತ್ರೆ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಎಲ್ಲವನ್ನೂ ಯಾರು ಬೇಕಾದರೂ ನೋಡಬಹುದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೊಡಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಮನೆಗೆ ಒಯ್ದು ಓದಿ. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಚಿಕಿತ್ಸೆ ನಿಲ್ಲಬಾರದು.

ಕೊನೆಯದಾಗಿ ಒಂದನ್ನು ಕೇಳಲೇಬೇಕು. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್‌ಗೆ ಜಗತ್ತಿನಲ್ಲೇ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆ ನಡೆಯಿತು. ಆಮೇಲೆ ಇಪ್ಪತ್ತಕ್ಕೂ ಜಾಸ್ತಿ ಪೇಸ್‌ಮೇಕರ್ ಬದಲಾಯಿಸಿಕೊಂಡು ಅವರು 2001ರವರೆಗೆ ಬದುಕಿದರು. ಇವತ್ತಿನ ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. ಅಧ್ಯಯನ ಎಷ್ಟೋ ಸಲ ಅದಕ್ಕೂ ಮೊದಲೇ ಮುಗಿದಿರುತ್ತದೆ. ಆಮೇಲಿನ ಚೆಕಪ್ ಎಲ್ಲಿ, ಬ್ಯಾಟರಿ ಮುಗಿದಾಗ ಹೊಸದರ ಖರ್ಚು ಯಾರದ್ದು? ಉತ್ತರವನ್ನು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ.