ಸಾಫ್ಟ್‌ಬಾಲ್ ಪಿಚಿಂಗ್: ಹದಿಮೂರರ ವಯಸ್ಸಿಗೆ ಗಂಭೀರವಾಗಿ ಶುರು ಮಾಡಲು ನಾನು ಹಿಡಿದ ಕ್ರಮ

ವಿಂಡ್‌ಮಿಲ್ ಪಿಚಿಂಗ್ (ತೋಳನ್ನು ಗಾಳಿಗಿರಣಿಯಂತೆ ಒಂದು ಪೂರ್ತಿ ಸುತ್ತು ತಿರುಗಿಸಿ, ಕೆಳಗಿನಿಂದ ಬ್ಯಾಟರ್‌ಗೆ ಚೆಂಡು ಎಸೆಯುವುದು) ಕಲಿಯಲು ಹೊರಟವರಲ್ಲಿ ಬಹಳಷ್ಟು ಜನ ಮೊದಲ ದಿನವೇ ರಬ್ಬರ್ (ಪಿಚರ್ ನಿಲ್ಲುವ ಪಟ್ಟಿ) ಮೇಲೆ ನಿಂತು, ಪೂರ್ತಿ ದೂರದಿಂದ, ಪೂರ್ತಿ ತೋಳು ತಿರುಗಿಸಿ ಎಸೆಯುತ್ತಾರೆ. ಮಕ್ಕಳಿಗೆ ಕಲಿಸುವಾಗ ನಾನು ಹಿಡಿದದ್ದು ಇದಕ್ಕೆ ತಿರುಗುಮುರುಗಾದ ದಾರಿ. ಮೊದಲು ಚೆಂಡು ಬೆರಳು ಬಿಡುವ ಜಾಗ, ಆಮೇಲೆ ಅದರ ಹಿಂದಿನ ಅರ್ಧ ಸುತ್ತು, ಆಮೇಲೆ ಪೂರ್ತಿ ಸುತ್ತು, ಕಾಲಿನ ಕೆಲಸ ಕೊನೆಗೆ. ಮೊದಲ ಮೂರು ತಿಂಗಳು ಎಸೆತಗಳ ಮುಕ್ಕಾಲು ಪಾಲು ಆರು ಮೀಟರಿನ ಒಳಗೆ, ಬಲೆಗೆ. ನೋಡುವವರಿಗೆ ಇದು ಆಟದ ಹಾಗೆ ಕಾಣುವುದಿಲ್ಲ, ನಿಜ. ಆದರೆ ಅಷ್ಟು ಹತ್ತಿರದಲ್ಲಿ ಗುರಿಯ ಚಿಂತೆ ಇರುವುದಿಲ್ಲ. ಆ ಚಿಂತೆ ಇಲ್ಲದಾಗಲೇ ತೋಳು ಸಡಿಲವಾಗಿ, ಜೋರಾಗಿ ತಿರುಗುವುದು. ಸ್ಟ್ರೈಕ್ (ಗುರಿಯ ಚೌಕಟ್ಟಿನೊಳಗಿನ ಎಸೆತ) ಬೀಳಲಿ ಎಂದು ತೋಳನ್ನು ನಿಧಾನ ಮಾಡಿ ಕಲಿತವರಿಗೆ ಮುಂದೆ ವೇಗ ತರುವುದು ತುಂಬಾ ಕಷ್ಟ. ವೇಗವಾಗಿ, ಅಡ್ಡಾದಿಡ್ಡಿ ಎಸೆಯುವವರಿಗೆ ಗುರಿ ಕಲಿಸುವುದು ಅದಕ್ಕಿಂತ ಸುಲಭ.

ಸಾಮಾನು ಹೆಚ್ಚೇನೂ ಬೇಡ. 12 ಇಂಚಿನ ಚೆಂಡು ಹತ್ತು ಹನ್ನೆರಡು, ಒಂದು ಬಕೆಟ್, ಒಂದು ಬಲೆ, ನೆಲಕ್ಕೆ ಅಂಟಿಸಲು ಟೇಪು. 12 ಇಂಚು ಎಂದರೆ ಚೆಂಡಿನ ಸುತ್ತಳತೆ, ಸುಮಾರು 30.5 ಸೆಂ.ಮೀ.; ತೂಕ 178ರಿಂದ 198 ಗ್ರಾಂ. ಹಿಂಗಾಲಿನ ಶೂ ತುದಿ ನೆಲಕ್ಕೆ ಉಜ್ಜಿ ಬೇಗ ತೂತಾಗುತ್ತದೆ, ಅದಕ್ಕೊಂದು ಟೋ ಕ್ಯಾಪ್ ಹಾಕಿಸಿ. ಬ್ಯಾಟರ್ ಎದುರು ಎಸೆಯುವ ದಿನ ಬಂದರೆ ಫೀಲ್ಡರ್ ಮಾಸ್ಕ್ ಕಡ್ಡಾಯ. ಎಸೆದು ಮುಗಿಸಿದ ಪಿಚರ್ ಬ್ಯಾಟಿನಿಂದ ಹನ್ನೊಂದು ಹನ್ನೆರಡು ಮೀಟರ್ ದೂರದಲ್ಲಷ್ಟೇ ಇರುತ್ತಾಳೆ.

ಹಿಡಿತದಿಂದ ಶುರು ಮಾಡೋಣ. ಹೊಲಿಗೆ ಕುದುರೆ ಲಾಳದ ಆಕಾರದಲ್ಲಿ ಬಾಗುವ ಜಾಗಕ್ಕೆ ಬೆರಳ ತುದಿಗಳನ್ನು ಅಡ್ಡಲಾಗಿ ಇಟ್ಟು, ಹೆಬ್ಬೆರಳು ಎದುರು ಬದಿಗೆ ಬರಬೇಕು. ದೊಡ್ಡವರಿಗೆ ಎರಡು ಬೆರಳು ಸಾಕು. ಈ ವಯಸ್ಸಿನ ಕೈಗೆ ಮೂರು ಬೆರಳಿನ ಹಿಡಿತವೇ ಒಳ್ಳೆಯದು. ಅಂಗೈ ಮತ್ತು ಚೆಂಡಿನ ನಡುವೆ ಬೆಳಕು ಕಾಣಬೇಕು. ಚೆಂಡು ಅಂಗೈಯೊಳಗೆ ಕೂತರೆ ಅದಕ್ಕೆ ಸುತ್ತು (ಗಾಳಿಯಲ್ಲಿ ತನ್ನಷ್ಟಕ್ಕೆ ತಿರುಗುವುದು) ಬರುವುದಿಲ್ಲ, ಮಣಿಕಟ್ಟೂ ಬಿಗಿಯಾಗುತ್ತದೆ. ಪರೀಕ್ಷೆ ಸುಲಭ: ಚೆಂಡು ಹಿಡಿದ ಕೈಯನ್ನು ಕೆಳಗೆ ಇಳಿಬಿಟ್ಟು ಅಲ್ಲಾಡಿಸಿ, ಮಣಿಕಟ್ಟು ತೂಗಾಡಬೇಕು.

ಮೊದಲ ಡ್ರಿಲ್ ಬಲೆಯಿಂದ ಮೂರು ಮೀಟರಿನಲ್ಲಿ. ಮುಂದಿನ ಮಾತೆಲ್ಲ ಬಲಗೈಯವರಿಗೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ. ಹೊಟ್ಟೆ ಮೂರನೆಯ ಬೇಸಿನ ಕಡೆ (ಬ್ಯಾಟರ್‌ಗೆ ಮುಖ ಮಾಡಿದ ಪಿಚರ್‌ನ ಬಲಬದಿ) ಇರುವಂತೆ ಅಡ್ಡಲಾಗಿ ನಿಂತು, ಮೊಣಕೈಯನ್ನು ಪಕ್ಕೆಯ ಹತ್ತಿರ ತಂದು, ಬರೀ ಮುಂಗೈಯಿಂದ ಎಸೆಯುವುದು. ಅಂಗೈ ಮೇಲಕ್ಕೆ ನೋಡುತ್ತಾ ಕೆಳಗಿಳಿಯಬೇಕು. ಮೊಣಕೈಯ ಕೆಳಗಿನ ಭಾಗ ಸೊಂಟದ ಬದಿಗೆ ಸವರಿಕೊಂಡು ಹೋಗಬೇಕು. ಆ ಸ್ಪರ್ಶಕ್ಕೆ ಮೇಲ್ತೋಳು ನಿಧಾನಿಸುತ್ತದೆ, ಮುಂಗೈ ಚಾಟಿಯ ತುದಿಯಂತೆ ಮುಂದೆ ಹಾರುತ್ತದೆ. ಚೆಂಡು ಬಿಟ್ಟ ಮೇಲೆ ಮುಂಗೈ ತಾನಾಗಿ ಒಳಕ್ಕೆ ಹೊರಳಿ, ಮೊಣಕೈ ಸ್ವಲ್ಪ ಮಡಿದು, ಕೈ ದೇಹಕ್ಕೆ ಅಡ್ಡಲಾಗಿ ಸಡಿಲವಾಗಿ ನಿಲ್ಲುತ್ತದೆ.

ಇಲ್ಲೊಂದು ಹಳೆಯ ಪಾಠದ ಬಗ್ಗೆ ಹೇಳಲೇಬೇಕು. ಅಂಗೈಯನ್ನು ಎರಡನೆಯ ಬೇಸಿನ ಕಡೆ, ಅಂದರೆ ಹಿಂದಕ್ಕೆ, ತಿರುಗಿಸಿ ಚೆಂಡನ್ನು ಕೆಳಗೆ ಒತ್ತುತ್ತಾ ತಂದು, ಮಣಿಕಟ್ಟನ್ನು ಚಿಟಕಿ ಹೊಡೆದಂತೆ ಮೇಲೆತ್ತಿ, ಮೊಣಕೈಯನ್ನು ಕ್ಯಾಚರ್‌ಗೆ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವಳಿಗೆ) ತೋರಿಸಿ ಮುಗಿಸಿ ಎಂದು ಇಂದಿಗೂ ಕಲಿಸುವವರಿದ್ದಾರೆ. ಮೇಲ್ಮಟ್ಟದ ಪಿಚರ್‌ಗಳ ಸ್ಲೋ ಮೋಷನ್ ವಿಡಿಯೋ ಯಾವುದನ್ನಾದರೂ ಹಾಕಿ ನೋಡಿ, ಚೆಂಡು ಬಿಡುವ ಹೊತ್ತಿಗೆ ಹಾಗೆ ಮಾಡುವವರು ಕಾಣಸಿಗುವುದು ಅಪರೂಪ; ಅವರ ಮುಂಗೈ ಒಳಕ್ಕೆ ಹೊರಳುತ್ತಿರುತ್ತದೆ. ಮಂಡಿಯೂರಿ ಕೂತು ನೂರಾರು ಸಲ ಬರೀ ಮಣಿಕಟ್ಟು ಕುಣಿಸುವ ಡ್ರಿಲ್ಲನ್ನು ನಾನು ಪಟ್ಟಿಯಿಂದಲೇ ತೆಗೆದುಬಿಟ್ಟೆ. ಅದರಿಂದ ವೇಗ ಬರುವುದಿಲ್ಲ, ಆದರೆ ಅದರ ಅಭ್ಯಾಸ ಮೈಗೆ ಅಂಟಿಕೊಳ್ಳುತ್ತದೆ.

ಎರಡನೆಯ ಹಂತ, ಐದಾರು ಮೀಟರಿನಲ್ಲಿ. ಕಾಲು ಅಗಲಿಸಿ, ತೋಳು ನೇರ ಮೇಲೆ, ಎಡಗೈ ಗುರಿಯ ಕಡೆ. ಮೂರನೆಯ ಬೇಸಿನ ಕಡೆಯಿಂದ ನೋಡುವವರಿಗೆ ಇದು ಗಡಿಯಾರದ 12. ಅಲ್ಲಿಂದ ತೋಳು ಹಿಂಬದಿಯ 9ಕ್ಕೆ ಇಳಿಯುವಾಗ ಅಂಗೈ ಆಕಾಶವನ್ನೋ ಮೂರನೆಯ ಬೇಸನ್ನೋ ನೋಡುತ್ತಿರಬೇಕು. 9 ದಾಟಿದ ಮೇಲೆ ಮೊಣಕೈ ಮುಂದೆ, ಚೆಂಡು ಹಿಂದೆ. ಮೂರನೆಯ ಹಂತದಲ್ಲಿ ಇದಕ್ಕೇ ಒಂದು ಹೆಜ್ಜೆ ಸೇರುತ್ತದೆ, ನಾಲ್ಕನೆಯದರಲ್ಲಿ ನಡೆದುಕೊಂಡು ಬಂದು ಎಸೆಯುವುದು, ಐದನೆಯದು ರಬ್ಬರ್‌ನಿಂದ ಪೂರ್ತಿ ಎಸೆತ. ಪ್ರತಿ ಹಂತಕ್ಕೂ ಹತ್ತು ಎಸೆತದಂತೆ ಎರಡು ಬಾರಿ. ವಾರಕ್ಕೆ ಮೂರು ದಿನ, ಹೆಚ್ಚೆಂದರೆ ನಾಲ್ಕು. ಒಂದು ಸಲಕ್ಕೆ ಮುಕ್ಕಾಲು ಗಂಟೆ. ಪೂರ್ತಿ ಜೋರಿನ ಎಸೆತ ಐವತ್ತು ಅರವತ್ತಕ್ಕೆ ನಿಲ್ಲಿಸುವುದು.

ಕಾಲಿನ ಕೆಲಸಕ್ಕೆ ರಬ್ಬರ್‌ನ ನಡುವಿನಿಂದ ಪ್ಲೇಟಿನ (ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಬಿಳಿ ಹಲಗೆ) ಕಡೆಗೆ ನೇರವಾಗಿ ಟೇಪು ಅಂಟಿಸಿ. ಎಡಗಾಲು ಆ ಗೆರೆಯ ಮೇಲೋ ಕೂದಲೆಳೆ ಎಡಕ್ಕೋ, 30ರಿಂದ 45 ಡಿಗ್ರಿ ತಿರುಗಿ ಊರಬೇಕು. ತೋಳು 12 ದಾಟಿ 9ರ ಕಡೆ ಇಳಿಯುತ್ತಿರುವಾಗಲೇ ಪಾದ ನೆಲ ಮುಟ್ಟಿರಬೇಕು. ತಡವಾದರೆ ತೋಳಿಗೆ ಒರಗಲು ಆಧಾರವೇ ಇರುವುದಿಲ್ಲ. ಊರಿದ ಕಾಲು ಮಂಡಿಯಲ್ಲಿ ಕುಸಿಯದೆ ಗಟ್ಟಿಯಾಗಿ ತಡೆದು ನಿಲ್ಲಬೇಕು. ಮುಂದೆ ನುಗ್ಗಿದ ದೇಹ ಅಲ್ಲಿ ತಡೆಯಲ್ಪಟ್ಟಾಗಲೇ ಆ ಬಲ ತೋಳಿಗೆ ಏರುವುದು. ಹಿಂಗಾಲಿನ ತುದಿ ನೆಲ ಸವರುತ್ತಾ ಬರಬೇಕು, ಅದರ ಮೇಲೆ ಭಾರ ಬೀಳಬಾರದು. ಅದನ್ನು ಎತ್ತಿ ಮುಂದೆ ಮತ್ತೊಮ್ಮೆ ಊರಿ ಅಲ್ಲಿಂದ ತಳ್ಳಿದರೆ ಅದು ಕ್ರೋ ಹಾಪ್, ಅಂದರೆ ಇಲ್ಲೀಗಲ್ ಪಿಚ್ (ನಿಯಮಕ್ಕೆ ವಿರುದ್ಧವಾದ ಎಸೆತ). ಎರಡೂ ಕಾಲು ಗಾಳಿಯಲ್ಲಿರುವ ಲೀಪ್ ಬಗ್ಗೆ ಸಂಸ್ಥೆಗೊಂದು ನಿಯಮವಿದೆ, ಆಡುವ ಟೂರ್ನಿಯದನ್ನು ಓದಿಕೊಳ್ಳಿ.

ಪೂರ್ತಿ ದೂರ ಸಾಮಾನ್ಯವಾಗಿ 12 ವರ್ಷದೊಳಗಿನ ಹುಡುಗಿಯರಿಗೆ 40 ಅಡಿ, ಅಲ್ಲಿಂದ ಮುಂದೆ 43 ಅಡಿ (13.1 ಮೀ.). ಮೂರು ಅಡಿ ಏನು ಮಹಾ ಅನ್ನಿಸಬಹುದು. ಹಿಂದೆ ಸರಿದ ದಿನ ಚೆಂಡು ಪ್ಲೇಟಿನ ಮುಂದೆ ಬೀಳುತ್ತದೆ, ಮಕ್ಕಳು ಅದನ್ನು ಮುಟ್ಟಿಸಲು ಬೆನ್ನು ಹಿಂದೆ ವಾಲಿಸಿ ಎತ್ತಿ ಎಸೆಯತೊಡಗುತ್ತಾರೆ. ಒಂದೊಂದು ಅಡಿಯಾಗಿ, ಎರಡು ವಾರಕ್ಕೊಮ್ಮೆ ಹಿಂದೆ ಸರಿದರೆ ಈ ರೋಗ ಬರುವುದಿಲ್ಲ.

ಇನ್ನು ಚೆಂಡು ಎಲ್ಲೆಲ್ಲೋ ಹೋಗುವುದರ ವಿಷಯ. ಮೇಲೆ ಕೆಳಗೆ ತಪ್ಪಿದರೆ ಸಮಯದ ದೋಷ, ಎಡ ಬಲ ತಪ್ಪಿದರೆ ದಾರಿಯ ದೋಷ ಎಂದು ಮೊದಲು ವಿಂಗಡಿಸಿಕೊಳ್ಳಿ. ಎತ್ತರಕ್ಕೆ ಹೋಯಿತೆಂದರೆ ಚೆಂಡು ತಡವಾಗಿ ಬಿಟ್ಟಿದೆ: ಮುಂಗಾಲು ಕುಸಿದಿರಬಹುದು, ಬೆನ್ನು ಹಿಂದೆ ವಾಲಿರಬಹುದು, ಬೆರಳು ಬಿಗಿ ಹಿಡಿದಿರಬಹುದು. ನೆಲಕ್ಕೆ ಬಡಿದರೆ ಬೇಗ ಬಿಟ್ಟಿದೆ. ಎಡ ಬಲದ ತಪ್ಪಿಗೆ ಹೆಚ್ಚಿನ ಸಲ ಕಾರಣ ಸೊಂಟ. ಸೊಂಟ ತೋಳಿಗಿಂತ ಮುಂಚೆ ಕ್ಯಾಚರ್ ಕಡೆಗೆ ಪೂರ್ತಿ ತಿರುಗಿಬಿಟ್ಟರೆ ತೋಳಿಗೆ ದಾರಿ ಇಲ್ಲದೆ ಸೊಂಟವನ್ನು ಸುತ್ತಿಕೊಂಡು ಬರುತ್ತದೆ. ಒಂದು ಎಸೆತ ಒಳಕ್ಕೆ, ಮುಂದಿನದು ಹೊರಕ್ಕೆ. ಗುರುತು ಮೈ ಮೇಲೇ ಸಿಗುತ್ತದೆ. ಮುಂಗೈಯ ಒಳಬದಿ, ಮೊಣಕೈ ಹತ್ತಿರ ತೆಳುವಾಗಿ ಕೆಂಪಾಗಿದ್ದರೆ ಸವರುವಿಕೆ ಸರಿಯಾಗಿದೆ. ಮಣಿಕಟ್ಟಿನ ಹತ್ತಿರ ಅಥವಾ ಸೊಂಟದ ಮೂಳೆಯ ಮೇಲೆ ನೀಲಿಗಟ್ಟಿದ್ದರೆ ಸೊಂಟ ಬೇಗ ಮುಚ್ಚುತ್ತಿದೆ, ಅಂದರೆ ಕ್ಯಾಚರ್ ಕಡೆ ತಿರುಗಿಬಿಡುತ್ತಿದೆ. ಚೆಂಡು ಬಿಡುವಾಗ ಸೊಂಟ ಅರ್ಧ ತೆರೆದೇ ಇರಬೇಕು. ಗ್ಲೌಸ್ ಕೈಯನ್ನು ಎಡಕ್ಕೆ ಬೀಸಿ ಎಳೆಯುವವರಲ್ಲಿ ಈ ದೋಷ ಹೆಚ್ಚು. ಆ ಕೈ ಗುರಿಯ ಕಡೆಯಿಂದ ನೇರ ಕೆಳಗಿಳಿಯಲಿ.

ಫೋನಿನ ಸ್ಲೋ ಮೋಷನ್ ಒಳ್ಳೆಯ ಕೋಚ್. ಮೂರನೆಯ ಬೇಸಿನ ಕಡೆಯಿಂದ ಸೆಕೆಂಡಿಗೆ 240 ಫ್ರೇಮಿನಲ್ಲಿ ತೆಗೆದು ಮೂರೇ ಚಿತ್ರ ನೋಡುತ್ತೇನೆ: ತೋಳು 12ರಲ್ಲಿದ್ದಾಗ, ಮುಂಗಾಲು ನೆಲ ಮುಟ್ಟಿದಾಗ, ಚೆಂಡು ಬಿಟ್ಟಾಗ. ವೇಗ ಅಳೆಯಲೂ ಅದೇ ಸಾಕು. ಬಲೆಯನ್ನು ಪ್ಲೇಟಿನ ಜಾಗದಲ್ಲಿಟ್ಟು, ಚೆಂಡು ಕೈ ಬಿಟ್ಟಲ್ಲಿಂದ ಬಲೆ ಮುಟ್ಟುವವರೆಗೆ ಫ್ರೇಮ್ ಎಣಿಸಿ. 40 ಅಡಿಯಿಂದ ಎಸೆದವರ ಚೆಂಡು ಸುಮಾರು 10.7 ಮೀಟರ್ ಹಾರುತ್ತದೆ. 144 ಫ್ರೇಮ್ ಎಂದರೆ 0.6 ಸೆಕೆಂಡು, ಅಂದರೆ ಗಂಟೆಗೆ ಸರಾಸರಿ 64 ಕಿ.ಮೀ. ತಿಂಗಳಿಗೊಮ್ಮೆ ಅಳೆದರೆ ಸಾಕು, ದಿನಾ ಅಳೆಯುವ ಮಕ್ಕಳು ಭುಜ ಬಿಗಿ ಮಾಡಿಕೊಳ್ಳುತ್ತಾರೆ. ಈ ವಯಸ್ಸಿನಲ್ಲಿ ಕೈಕಾಲು ಏಕಾಏಕಿ ಉದ್ದವಾಗಿ ಇದ್ದ ತಾಳವೂ ತಪ್ಪುತ್ತದೆ. ಆಗ ಹೊಸದೇನನ್ನೂ ಸೇರಿಸದೆ ಎರಡನೆಯ ಹಂತಕ್ಕೆ ಮರಳಿ ಕೆಲವು ವಾರ ಅಲ್ಲೇ ಇರಬೇಕು.

ಅಂಡರ್‌ಹ್ಯಾಂಡ್ ಎಸೆತ ಸಹಜ, ಅದರಿಂದ ಭುಜಕ್ಕೆ ಏನೂ ಆಗದು ಎಂಬ ಮಾತನ್ನು ನಂಬಬೇಡಿ. ವಿಂಡ್‌ಮಿಲ್‌ನಲ್ಲಿ ಭುಜದ ಮುಂಭಾಗ ಮತ್ತು ಬೈಸೆಪ್ಸ್ ಮೇಲೆ ಬೀಳುವ ಹೊರೆ ದೊಡ್ಡದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಎನೊ ಎರಡು ದಿನದಲ್ಲಿ 413 ಚೆಂಡು ಎಸೆದು ಚಿನ್ನ ಗೆದ್ದ ಕಥೆಯನ್ನು ಮಕ್ಕಳಿಗೆ ಹುರುಪು ತುಂಬಲು ಹೇಳುತ್ತಾರೆ. ಆಗ ಆಕೆಗೆ 26 ವರ್ಷ ಎಂಬುದನ್ನೂ ಜೊತೆಗೆ ಹೇಳಬೇಕು. 13-14ರ ವಯಸ್ಸಿಗೆ ನಾನು ಇಟ್ಟುಕೊಂಡ ಮಿತಿ ಪಂದ್ಯಕ್ಕೆ 80, ದಿನಕ್ಕೆ 115. ಸತತ ಎರಡು ದಿನ ಎಸೆದರೆ ಮೂರನೆಯ ದಿನ ಬಿಡುವು. ವಾರ್ಮಪ್ ಎಸೆತಗಳನ್ನೂ ಲೆಕ್ಕಕ್ಕೆ ಹಿಡಿಯಿರಿ, ಭುಜಕ್ಕೆ ಅದೂ ಎಸೆತವೇ. ವರ್ಷದಲ್ಲಿ ಎರಡು ಮೂರು ತಿಂಗಳು ಪಿಚಿಂಗ್ ಪೂರ್ತಿ ಬಂದ್. ಸ್ನಾಯು ಸುಸ್ತಾದರೆ ಮರುದಿನ ಇಳಿಯುತ್ತದೆ. ಭುಜದ ಮುಂದೆ ಒಂದೇ ಬಿಂದುವಿನಲ್ಲಿ ಚುಚ್ಚಿದರೆ ಅವತ್ತೇ ನಿಲ್ಲಿಸಿ, ಕೆಲವು ದಿನದಲ್ಲಿ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಕಸರತ್ತು ಎಂದರೆ ರಬ್ಬರ್ ಬ್ಯಾಂಡಿನಿಂದ ಭುಜದ ತಿರುವು ಮತ್ತು ಹಿಂದೆಳೆತ, ಪ್ಲ್ಯಾಂಕ್, ಒಂಟಿ ಕಾಲಿನ ಬ್ರಿಡ್ಜ್, ನಿಂತಲ್ಲಿಂದ ಮುಂದೆ ನೆಗೆಯುವುದು. ಭಾರದ ಚೆಂಡಿನ ಗೋಜಿಗೆ ಈಗಲೇ ಹೋಗಬೇಡಿ.

ಕಲಿಯಬೇಕಾದ ಎರಡನೆಯ ಬಗೆಯ ಎಸೆತ ಯಾವುದು ಎಂದರೆ ನನ್ನ ಉತ್ತರ ಚೇಂಜಪ್, ಅದೂ ಫಾಸ್ಟ್‌ಬಾಲ್ (ಇಲ್ಲಿಯವರೆಗೆ ಹೇಳಿದ ಜೋರಿನ ಎಸೆತ) ಕೈಗೆ ಕೂತ ಮೇಲೆ. ತೋಳಿನ ವೇಗ ಅದೇ ಇದ್ದು ಚೆಂಡು ಮಾತ್ರ ಗಂಟೆಗೆ 15ರಿಂದ 20 ಕಿ.ಮೀ. ನಿಧಾನ ಬರಬೇಕು. ಶುರುವಿಗೆ ಚೆಂಡನ್ನು ಅಂಗೈಯಾಳಕ್ಕೆ ತಳ್ಳಿ, ಬೆರಳ ಗೆಣ್ಣುಗಳನ್ನು ಮಡಿಸಿ ಹಿಡಿಯುವ ಬಗೆ ಸುಲಭ. ತೋಳನ್ನೇ ನಿಧಾನ ಮಾಡಿದರೆ ಬ್ಯಾಟರ್‌ಗೆ ಮೊದಲೇ ಗೊತ್ತಾಗಿಬಿಡುತ್ತದೆ. ಕಲಿಯುವಾಗ ಅದು ಪ್ಲೇಟಿನ ಹತ್ತಿರ ನೆಲಕ್ಕೆ ಬಿದ್ದರೂ ಪರವಾಗಿಲ್ಲ, ಎದೆ ಎತ್ತರಕ್ಕೆ ತೇಲಿದ ಚೇಂಜಪ್ ಮಾತ್ರ ಹೋಮ್ ರನ್ನಿಗೆ ಆಹ್ವಾನ.

ಪ್ಲೇಟಿನ ಹತ್ತಿರ ಕೆಳಕ್ಕೆ ಬಾಗುವ ಡ್ರಾಪ್ ಆಮೇಲೆ. ಅದಕ್ಕೆ ಮುನ್ನ ಒಂದು ಚೆಂಡಿನ ನಡುವಿಗೆ ಸುತ್ತಲೂ ಕಪ್ಪು ಟೇಪು ಅಂಟಿಸಿಕೊಳ್ಳಿ. ಟೇಪಿನ ಪಟ್ಟೆ ಗುರಿಯ ದಿಕ್ಕಿಗಿರುವಂತೆ ಹಿಡಿದು ಎಸೆದಾಗ ಸುತ್ತು ನೇರವಾಗಿದ್ದರೆ ಪಟ್ಟೆ ಒಂದೇ ಗೆರೆಯಾಗಿ ನಿಂತಂತೆ ಕಾಣುತ್ತದೆ. ಓರೆಯಾದರೆ ಚೆಂಡೆಲ್ಲ ಬೂದು ಬೂದು. ಡ್ರಾಪ್‌ಗೆ ಆ ಗೆರೆ ನೆಟ್ಟಗಿದ್ದು, ಚೆಂಡಿನ ಮೇಲ್ಭಾಗ ಕ್ಯಾಚರ್ ಕಡೆಗೆ ಉರುಳಬೇಕು. ಹತ್ತರಲ್ಲಿ ಏಳು ಹಾಗೆ ಬರುವವರೆಗೆ ಬಲೆಯ ಮುಂದಿನಿಂದ ಕದಲುವುದು ಬೇಡ. ರೈಸ್‌ಬಾಲ್ (ಬ್ಯಾಟರ್‌ಗೆ ಮೇಲೇರುವಂತೆ ಕಾಣುವ ಎಸೆತ) ಕೇಳುವ ಮಕ್ಕಳಿಗೂ ಇದೇ ಚೆಂಡು ಕೊಡುತ್ತೇನೆ. ಅದಕ್ಕೆ ಬೇಕಾದದ್ದು ಹಿಮ್ಮುಖ ಸುತ್ತು. ಬಹಳಷ್ಟು ಕೈಗಳಿಂದ ಹೊರಡುವುದು ಬಂದೂಕಿನ ಗುಂಡಿನ ಅಡ್ಡ ಸುತ್ತು, ಅದು ಎಲ್ಲಿಗೂ ತಿರುಗದೆ ನೇರ ಬ್ಯಾಟಿಗೆ ಹೋಗುತ್ತದೆ. ಮೊದಲ ವರ್ಷದಲ್ಲಿ ರೈಸ್‌ಬಾಲ್ ಬಲೆಯ ಆಚೆಗೆ ಬರಬೇಕಿಲ್ಲ.