ಮಳೆಗಾಲದಲ್ಲಿ ಹಾಸಿಗೆ ಬಿಡಿಸುವ ಕೆಲಸ: ವೃದ್ಧಾಶ್ರಮದ ಅನುಭವ

ಕಾರವಾರದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ವೃದ್ಧಾಶ್ರಮ ನಡೆಸುವವರಿಗೆ ಕಷ್ಟದ ಕಾಲವೂ ಅದೇ. ಅಂಗಳದ ತಿರುಗಾಟ ನಿಲ್ಲುತ್ತದೆ, ಕಂಬಳಿ ಹೊದ್ದವರು ಊಟಕ್ಕೂ ಏಳುವುದಿಲ್ಲ. ಎಂಬತ್ತು ದಾಟಿದವರು ಒಂದು ವಾರ ಹಾಸಿಗೆ ಹಿಡಿದರೆ ಸಾಕು, ಕುರ್ಚಿಯಿಂದ ತಾವಾಗಿ ಏಳುತ್ತಿದ್ದವರಿಗೆ ಕೈ ಕೊಡಬೇಕಾಗುತ್ತದೆ. ಮಲಬದ್ಧತೆ, ಬೆನ್ನುಹುಣ್ಣು, ಎದೆಯಲ್ಲಿ ಕಫ, ಹಗಲು ನಿದ್ದೆ ರಾತ್ರಿ ಜಾಗರಣೆ ಎಲ್ಲ ಅದರ ಬೆನ್ನಿಗೇ. ಆದ್ದರಿಂದ ಹಾಲ್‌ನಲ್ಲಿ ನಡೆಯುವ ಭಜನೆ, ಕೈಕೆಲಸ, ಹರಟೆಯನ್ನು ನಾವು ಮನರಂಜನೆಯ ಲೆಕ್ಕದಲ್ಲಿ ಇಟ್ಟಿಲ್ಲ. ಗುಳಿಗೆಯಂತೆ ಅದಕ್ಕೂ ಹೊತ್ತು ಗೊತ್ತುಮಾಡಿದ್ದೇವೆ, ದಾಖಲೆಯನ್ನೂ ಇಡುತ್ತೇವೆ.

ದಾಖಲೆ ಎಂದರೆ ಒಂದು ಹಾಜರಿ ಪುಸ್ತಕ. ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಯಾರು ಹಾಲ್‌ಗೆ ಬಂದರು, ಯಾರು ಬಂದು ಅರ್ಧಕ್ಕೆ ಎದ್ದುಹೋದರು, ಯಾರು ಬರಲಿಲ್ಲ ಎಂದು ಮೂರು ಗುರುತು. ಈ ಪುಸ್ತಕ ಬಿ.ಪಿ., ಶುಗರ್ ಪುಸ್ತಕದ ಪಕ್ಕದಲ್ಲೇ ಇರುತ್ತದೆ, ಡ್ಯೂಟಿ ಬದಲಾಗುವಾಗ ಎರಡನ್ನೂ ಒಟ್ಟಿಗೆ ಓದುತ್ತಾರೆ. ದಿನಾ ಬರುವವರು ಎರಡು ಹೊತ್ತು ಸತತ ಬರದಿದ್ದರೆ ಜ್ವರ, ನಾಡಿ, ಆಮ್ಲಜನಕ ನೋಡುತ್ತೇವೆ. ಮೂತ್ರ ಎಷ್ಟು ಸಲ ಆಗಿದೆ, ಹೊಟ್ಟೆ ಯಾವಾಗ ಹೋಗಿದೆ, ಎಲ್ಲಿ ನೋವು, ಹೊಸ ಗುಳಿಗೆ ಶುರುವಾಗಿದೆಯೇ, ಕಿವಿಯ ಯಂತ್ರದ ಸೆಲ್ ಮುಗಿದಿದೆಯೇ ಎಂದೂ ವಿಚಾರಿಸುತ್ತೇವೆ. ವಯಸ್ಸಾದವರಲ್ಲಿ ಸೋಂಕು ಜ್ವರವಿಲ್ಲದೆಯೇ ಬರಬಹುದು. ಮಾತು ತಪ್ಪುವುದು, ಮಂಕಾಗುವುದು, ಇದ್ದಕ್ಕಿದ್ದಂತೆ ಸಿಡುಕುವುದು ಮೊದಲ ಲಕ್ಷಣವಾಗಿರಬಹುದು. ಒಂದೆರಡು ದಿನದಲ್ಲಿ ಬಂದ ಗೊಂದಲವನ್ನು ‘ವಯಸ್ಸಾಯ್ತಲ್ಲ, ಮರೆವು’ ಎಂದು ತಳ್ಳಿಹಾಕಬಾರದು. ಮರೆವಿನ ಕಾಯಿಲೆ ತಿಂಗಳುಗಟ್ಟಲೆ ನಿಧಾನಕ್ಕೆ ಬರುತ್ತದೆ. ದಿಢೀರ್ ಬಂದ ಗೊಂದಲಕ್ಕೆ ಬೇರೆ ಕಾರಣ ಇರುತ್ತದೆ, ಅದೇ ದಿನ ಡಾಕ್ಟರಿಗೆ ತಿಳಿಸಬೇಕು.

ತಯಾರಿ ಮೇ ತಿಂಗಳಲ್ಲೇ ಆಗಬೇಕು. ಬೇಸಿಗೆಯಲ್ಲಿ ಒಬ್ಬರಿಗೆ ಮೂರು ಜೊತೆ ಹಾಸು ಹೊದಿಕೆ ಸಾಕಾಗುತ್ತದೆ, ಮಳೆಗಾಲಕ್ಕೆ ಐದು ಬೇಕು. ಮೂತ್ರ ಹಿಡಿತದಲ್ಲಿ ಇಲ್ಲದವರಿಗೆ ಎಂಟು. ಅಡಕೆ ಒಣಗಿಸಲು ಕಟ್ಟುವಂಥ ಪ್ಲಾಸ್ಟಿಕ್ ಮಾಡಿನ ಚಪ್ಪರ ಬಟ್ಟೆಗೂ ಆಗುತ್ತದೆ. ಒಳಗೊಂದು ಫ್ಯಾನ್ ತಿರುಗುತ್ತಿರಬೇಕು, ಇಲ್ಲವಾದರೆ ಬಟ್ಟೆ ಒಣಗಿದಂತೆ ಕಂಡರೂ ಮುಗ್ಗಲು ವಾಸನೆ ಬಿಡುವುದಿಲ್ಲ. ಅರೆಹಸಿ ಬಟ್ಟೆ ಉಡಿಸಿದರೆ ತೊಡೆಸಂದಿ, ಸ್ತನದ ಕೆಳಗೆ ಎರಡೇ ದಿನದಲ್ಲಿ ಕೆಂಪಾಗಿ ತುರಿಕೆ ಬರುತ್ತದೆ. ಆ ಜಾಗಕ್ಕೆ ಪೌಡರ್ ಸುರಿಯುವವರು ಬಹಳ. ಬೆವರಿಗೆ ಅದು ಗಂಟುಕಟ್ಟಿ ಇನ್ನಷ್ಟು ಉಜ್ಜುತ್ತದೆ. ಒರೆಸಿ, ಹಳೆಯ ಮೆತ್ತನೆ ಪಂಚೆಯ ತುಂಡಿನಿಂದ ಒತ್ತಿ ಒಣಗಿಸಿ, ಸಂದಿಯಲ್ಲಿ ಆ ಬಟ್ಟೆಯದೇ ಒಂದು ಪಟ್ಟಿ ಇಟ್ಟರೆ ಸಾಕು.

ಗುಳಿಗೆಗಳನ್ನು ವಾರದ ಡಬ್ಬಿಗೆ ತೆಗೆದಿಡುವುದನ್ನು ಮಳೆಗಾಲದಲ್ಲಿ ಬಿಟ್ಟಿದ್ದೇವೆ, ತೇವಕ್ಕೆ ಕೆಲವು ಮೆತ್ತಗಾಗಿ ಪುಡಿಯಾಗುತ್ತವೆ. ಹಾಗೆಂದು ಸ್ಟ್ರಿಪ್ ಅನ್ನು ಒಂದೊಂದಾಗಿ ಕತ್ತರಿಸಿ ಇಡುವುದೂ ಬೇಡ. ಕಣ್ಣು ಮಂಜಾದವರು, ಮರೆವಿನವರು ಚೂಪು ಮೂಲೆಯ ಆ ತುಂಡನ್ನೇ ನುಂಗುತ್ತಾರೆ, ಅನ್ನನಾಳ ಹರಿಯುವ ಅಪಾಯವಿದೆ. ಕೊಡುವ ಹೊತ್ತಿಗೆ ಸಿಸ್ಟರ್ ಕೈಯಿಂದಲೇ ಬಿಡಿಸಿ ಕೊಡಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಕೆಯಲ್ಲಿರುವ ಬಾಟಲಿ ಸಾಮಾನ್ಯವಾಗಿ 28 ದಿನ ತಂಪಾದ ಜಾಗದಲ್ಲಿ ಹೊರಗೇ ಇರಬಹುದು, ತೆರೆದ ತಾರೀಕನ್ನು ಅದರ ಮೇಲೇ ಬರೆಯಿರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತಲ್ಲ, ಅಂಥ ಹೊತ್ತಿನಲ್ಲಿ ಔಷಧ ಅಂಗಡಿಯಲ್ಲೂ ಮಾಲು ಇರುವುದಿಲ್ಲ. ಜೂನ್ ಬರುವುದರೊಳಗೆ ಪ್ರತಿಯೊಬ್ಬರ ಗುಳಿಗೆ ಒಂದು ತಿಂಗಳಿಗೆ ಹೆಚ್ಚುವರಿ ಇರಲಿ, ಫಿಟ್ಸ್ ಮತ್ತು ಪಾರ್ಕಿನ್ಸನ್ ಗುಳಿಗೆ ಒಂದು ಹೊತ್ತೂ ತಪ್ಪುವಂತಿಲ್ಲ.

ಕರೆಂಟು ಹೋದಾಗ ಎಲ್ಲರ ಲಕ್ಷ್ಯ ದೀಪದ ಕಡೆ, ಏರ್‌ಬೆಡ್ ಯಾರಿಗೂ ನೆನಪಾಗುವುದಿಲ್ಲ. ಪಂಪ್ ನಿಂತರೆ ನಿಧಾನಕ್ಕೆ ಗಾಳಿ ಇಳಿದು ಮೈ ಮಂಚದ ಹಲಗೆಗೆ ತಾಗುತ್ತದೆ. ಪಂಪಿಗೆ ಬೇಕಾದ ಕರೆಂಟು ಒಂದು ಸಣ್ಣ ಬಲ್ಬಿನಷ್ಟೇ, ಇನ್ವರ್ಟರ್ ಲೈನಿಗೆ ಕೊಡಿ. ಏರ್‌ಬೆಡ್ ಅಡಿಗೆ ಸ್ಪಂಜಿನ ಹಾಸಿಗೆ ಇರಲೇಬೇಕು. ಆಮ್ಲಜನಕದ ಯಂತ್ರದ ಕಥೆ ಬೇರೆ. ಐದು ಲೀಟರಿನದು ಮುನ್ನೂರು ವಾಟ್‌ಗೂ ಮೇಲೆ ಎಳೆಯುತ್ತದೆ, ಮನೆಯ ಇನ್ವರ್ಟರ್ ರಾತ್ರಿಯಿಡೀ ತಡೆಯುವುದಿಲ್ಲ. ತುಂಬಿದ ಸಿಲಿಂಡರ್ ಪಕ್ಕದಲ್ಲೇ ಇರಲಿ, ಅದರ ಕೀಲಿಯನ್ನು ಸಿಲಿಂಡರಿಗೇ ಕಟ್ಟಿಡಿ.

ಹಾಸಿಗೆಯಿಂದ ಎಬ್ಬಿಸುವುದಕ್ಕೂ ಕ್ರಮವಿದೆ. ಮೊದಲು ಮಗ್ಗುಲಾಗಿಸಿ, ಕಾಲು ಕೆಳಗಿಳಿಸಿ ಕೂರಿಸುವುದು. ಕೂತಲ್ಲೇ ಪಾದವನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಲಿ, ಎರಡು ನಿಮಿಷ ಹೋಗಲಿ. ಬಿ.ಪಿ. ಗುಳಿಗೆ ತಿನ್ನುವವರಿಗೆ ಎದ್ದ ಕೂಡಲೇ ಒತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ನಿಂತ ಮೇಲೂ ಒಂದು ನಿಮಿಷ ಮಂಚ ಹಿಡಿದು ನಿಲ್ಲಲಿ, ಆಮೇಲೆ ನಡಿಗೆ. ರಟ್ಟೆ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ. ಸೊಂಟಕ್ಕೆ ಅಗಲದ ಬಟ್ಟೆ ಪಟ್ಟಿ ಕಟ್ಟಿ ಅದನ್ನು ಹಿಡಿಯುವುದು ಇಬ್ಬರಿಗೂ ಸುಖ. ಸೀರೆಯ ನೆರಿಗೆ, ಲುಂಗಿ ಎರಡೂ ಕಾಲಿಗೆ ತೊಡರುತ್ತವೆ, ಎತ್ತಿ ಕಟ್ಟಿಸಿ. ಮಳೆ ಹಿಡಿಯುವ ಮುಂಚೆ ನಮ್ಮ ಕಡೆ ನೆಲ ಬೆವರುತ್ತದೆ, ಒರೆಸಿದ ಹತ್ತು ನಿಮಿಷಕ್ಕೆ ಮತ್ತೆ ಜಾರು. ಬಾಗಿಲಿಗೆ ಮಡಚಿ ಹಾಸುವ ಗೋಣಿ ಚೀಲ ಮಾತ್ರ ಬೇಡವೇ ಬೇಡ, ಅದರ ಅಂಚಿಗೆ ಎಡವಿ ಬೀಳುತ್ತಾರೆ. ಅಡಿಯಲ್ಲಿ ರಬ್ಬರಿರುವ ಮ್ಯಾಟ್ ತನ್ನಿ. ಬಚ್ಚಲಲ್ಲಿ ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು, ಮೊಣಕೈ ಅದ್ದಿ ನೋಡಿದ ಮೇಲೆ ಮೈಗೆ. ಶುಗರ್ ಇದ್ದವರ ಪಾದಕ್ಕೆ ಬಿಸಿ ಗೊತ್ತಾಗದೆ ಬೊಬ್ಬೆ ಏಳುತ್ತದೆ.

ಇನ್ನು ಹಾಲ್. ಗೋಡೆಗುಂಟ ಸಾಲಾಗಿ ಕುರ್ಚಿ ಇಟ್ಟರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಎಲ್ಲರೂ ಬಾಗಿಲು ನೋಡುತ್ತ ತೂಕಡಿಸುತ್ತಾರೆ. ನಾಲ್ಕೈದು ಜನ ಸುತ್ತ ಕೂರುವಂತೆ ಮೇಜು ಹಾಕಿ, ಕೈ ಇರುವ ಕುರ್ಚಿ, ಸೀಟು ನೆಲದಿಂದ 45 ಸೆಂಟಿಮೀಟರ್ ಎತ್ತರ. ತಗಡಿನ ಮಾಡಿನ ಮೇಲೆ ಜೋರು ಮಳೆ ಹೊಡೆಯುವಾಗ ಕಿವಿ ಮಂದವಿದ್ದವರಿಗೆ ಏನೂ ಕೇಳುವುದಿಲ್ಲ, ಯಂತ್ರ ಹಾಕಿದವರಿಗಂತೂ ಮಳೆಯ ಸದ್ದೇ ಕೇಳುತ್ತದೆ. ಆಗ ಓದುವುದು, ಕಥೆ ಹೇಳುವುದು ದಂಡ. ಅದು ಕೈಕೆಲಸದ ಹೊತ್ತು. ಹೂಬತ್ತಿ ಹೊಸೆಯುವುದು, ಹೂ ಕಟ್ಟುವುದು, ಅಕ್ಕಿ ಆರಿಸುವುದು, ಬೇಯಿಸಿದ ಹಲಸಿನ ಬೀಜದ ಸಿಪ್ಪೆ ಬಿಡಿಸುವುದು. ಮೀನುಗಾರರ ಮನೆಯವರಿಗೆ ಬಲೆ ಹೆಣೆಯುವ ಸೂಜಿಯನ್ನೂ ದಾರವನ್ನೂ ಕೊಡಿ. ಮಕ್ಕಳ ಹೆಸರು ಮರೆತವರೂ ಬಲೆಯ ಗಂಟು ಮರೆತಿರುವುದಿಲ್ಲ, ಕೈಗೆ ಅಂಟಿದ ಕೆಲಸ ಬಹಳ ಕಾಲ ಉಳಿಯುತ್ತದೆ.

ಒಂದು ಮಾತು ಖಡಾಖಂಡಿತ: ಮಾಡಿದ ಕೆಲಸ ಬಳಕೆಯಾಗಬೇಕು. ಅವರು ಹೊಸೆದ ಬತ್ತಿಯೇ ಸಂಜೆ ದೀಪಕ್ಕೆ, ಬಿಡಿಸಿದ ಬೀಜವೇ ಮಧ್ಯಾಹ್ನದ ಪಲ್ಯಕ್ಕೆ. ಹೊತ್ತು ಕಳೆಯಲೆಂದು ಎರಡು ಕಾಳು ಬೆರೆಸಿ ಬೇರ್ಪಡಿಸಲು ಕೊಡುವ ರೂಢಿ ಕೆಲವು ಕಡೆ ಇದೆ. ಅಡಿಗೆ ಮನೆ ಆಳಿದ ಹೆಂಗಸರಿಗೆ ಅದು ಅವಮಾನ, ಅವರಿಗೆ ಗೊತ್ತಾಗಿಯೇ ಆಗುತ್ತದೆ. ಚೆನ್ನೆಮಣೆ ಆಡುವುದಾದರೆ ದೊಡ್ಡ ಕವಡೆ ಇರಲಿ. ಗುಲಗಂಜಿ ಬಳಸಬೇಡಿ, ಅಗಿದು ನುಂಗಿದರೆ ಅದು ಕಡುವಿಷ.

ಕುರ್ಚಿಯಲ್ಲಿ ಕೂರಿಸಿದ ಮಾತ್ರಕ್ಕೆ ಬೆನ್ನುಹುಣ್ಣು ತಪ್ಪಿತು ಎಂದುಕೊಳ್ಳಬಾರದು. ಕೂತಾಗ ಭಾರವೆಲ್ಲ ಕುಂಡೆಯ ಎರಡು ಮೂಳೆಯ ಮೇಲೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿಸಬೇಕು, ನಿಲ್ಲಲಾಗದವರನ್ನು ಮುಂದಕ್ಕೆ, ಪಕ್ಕಕ್ಕೆ ಒರಗಿಸಿ ಭಾರ ಬದಲಿಸಬೇಕು. ನಾವು ಒಂದೊಂದು ಭಜನೆ ಮುಗಿದಾಗ ‘ಏಳಿ, ಮಂಗಳಾರತಿ’ ಎನ್ನುತ್ತೇವೆ. ಗಡಿಯಾರಕ್ಕಿಂತ ಅದು ಚೆನ್ನಾಗಿ ನಡೆಯುತ್ತದೆ.

ಏಳಲು ಆಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಎಲ್ಲರಿಗೂ ಗೊತ್ತು. ತಪ್ಪುವುದು ಹೇಗೆ ಎಂಬಲ್ಲಿ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆ ಒತ್ತುತ್ತದೆ, ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ಇರುವಂತೆ ಮಾಡಿ. ಗಾಳಿ ತುಂಬಿದ ರಬ್ಬರ್ ಬಳೆ ಇಟ್ಟರೆ ಸುತ್ತಲಿನ ರಕ್ತ ಓಡಾಟ ಕಟ್ಟಿ ನಡುವಿನ ಚರ್ಮ ಸಾಯುತ್ತದೆ, ಅದನ್ನು ಮನೆಯವರು ಪ್ರೀತಿಯಿಂದ ತಂದುಕೊಟ್ಟರೂ ಬೇಡ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಕೈಯ ಹಿಂಬದಿಯಿಂದ ಮುಟ್ಟಿ, ಪಕ್ಕದ ಚರ್ಮಕ್ಕಿಂತ ಬಿಸಿಯೋ ಗಟ್ಟಿಯೋ ನೋಡಿ. ಅಂಥ ಜಾಗವನ್ನು ತಿಕ್ಕಬೇಡಿ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆದರೆ ಬೆನ್ನ ಚರ್ಮ ಹರಿಯುತ್ತದೆ, ಮಡಿಸಿದ ಹಾಸನ್ನು ಎರಡೂ ಬದಿಯಿಂದ ಇಬ್ಬರು ಹಿಡಿದು ಎತ್ತಬೇಕು.

ಮಳೆಗಾಲದಲ್ಲಿ ಬಾಯಾರಿಕೆ ಆಗುವುದಿಲ್ಲ, ಸಾಲದ್ದಕ್ಕೆ ರಾತ್ರಿ ಬಚ್ಚಲಿಗೆ ಏಳುವ ಭಯಕ್ಕೆ ನೀರೇ ಕುಡಿಯುವುದಿಲ್ಲ. ಹೃದಯ, ಕಿಡ್ನಿಗೆ ಡಾಕ್ಟರು ಮಿತಿ ಹೇಳದವರಿಗೆ ದಿನಕ್ಕೆ ಒಂದೂವರೆ ಲೀಟರ್ ನಮ್ಮ ಗುರಿ. ಅದರ ಮುಕ್ಕಾಲು ಪಾಲು ಸಂಜೆ ಐದರ ಒಳಗೆ ಹೊಟ್ಟೆಗೆ ಹೋಗಬೇಕು. ಬರೀ ನೀರು ಬೇಡ ಎನ್ನುವವರು ಜೀರಿಗೆ ಕಷಾಯ, ತಂಬುಳಿ, ಮುರುಗಲ ಸಾರು ಬೇಡ ಎನ್ನುವುದಿಲ್ಲ. ಮೂರು ದಿನ ಹೊಟ್ಟೆ ಹೋಗದಿದ್ದರೆ ಸಿಸ್ಟರಿಗೆ ಹೇಳಬೇಕು. ಕಟ್ಟಿಕೊಂಡವರಿಗೆ ನೀರಾಗಿ ಸೋರಿದ್ದನ್ನು ಭೇದಿ ಎಂದು ತಿಳಿದು ಅದನ್ನು ನಿಲ್ಲಿಸುವ ಗುಳಿಗೆ ಕೊಟ್ಟರೆ ಅನಾಹುತ.

ಕುಚ್ಚಲಕ್ಕಿ ಗಂಜಿ ನಮ್ಮೆಲ್ಲರ ಪ್ರಾಣ, ಆದರೆ ಲಕ್ವ ಹೊಡೆದು ನುಂಗಲು ತೊಂದರೆ ಇರುವವರಿಗೆ ಅದರಷ್ಟು ಕಷ್ಟದ ಊಟ ಬೇರೆ ಇಲ್ಲ. ತಿಳಿ ಬೇರೆ, ಅಗುಳು ಬೇರೆ. ಅಗುಳು ಅಗಿಯುವಷ್ಟರಲ್ಲಿ ತಿಳಿ ಶ್ವಾಸನಾಳಕ್ಕೆ ಇಳಿದು ಕೆಮ್ಮು, ಆಮೇಲೆ ನ್ಯುಮೋನಿಯಾ. ಒಂದೇ ಹದಕ್ಕೆ ರುಬ್ಬಿ, ಚಮಚದಿಂದ ಜಾರದಷ್ಟು ಮಂದ ಮಾಡಿ, ನೆಟ್ಟಗೆ ಕೂರಿಸಿ ಸಣ್ಣ ಚಮಚದಲ್ಲಿ ಕೊಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಮೀನಿನ ಊಟ ಇಲ್ಲದಿದ್ದರೆ ಕರಾವಳಿಯವರ ತಟ್ಟೆ ಹಾಗೇ ವಾಪಸು ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಆಗ ಒಣಮೀನೇ ಗತಿ, ಉಪ್ಪು ವಿಪರೀತ. ನೀರಲ್ಲಿ ನೆನೆಸಿ ಎರಡು ಸಲ ಬಸಿದರೂ ಬಿ.ಪಿ. ಇದ್ದವರಿಗೆ ವಾರಕ್ಕೊಮ್ಮೆ ಮಾತ್ರ. ಘಟ್ಟದ ಮೇಲಿನ ಹವ್ಯಕರಿಗೆ ಮೀನಿನ ವಾಸನೆಯೂ ಆಗದು. ಎರಡು ಒಲೆ, ಎರಡು ಪಾತ್ರೆ ಸಾಮಾನು, ಆದರೆ ಊಟದ ಹೊತ್ತು ಒಂದೇ, ಹಾಲ್ ಒಂದೇ, ಮೇಜು ಬೇರೆ. ಇಷ್ಟಕ್ಕೆ ಎಲ್ಲರೂ ಒಪ್ಪುತ್ತಾರೆ. ತಿಂಗಳಿಗೊಮ್ಮೆ ತೂಕ, ನೂರಕ್ಕೆ ಐದರಷ್ಟು ಇಳಿದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಸಂಜೆಯ ಚಡಪಡಿಕೆ ಮಳೆಗಾಲದಲ್ಲಿ ಬೇಗ ಶುರು. ಮೋಡ ಮುಚ್ಚಿ ನಾಲ್ಕಕ್ಕೇ ಕತ್ತಲೆ, ಮರೆವಿನವರು ‘ಮನೆಗೆ ಹೋಗಬೇಕು, ದನ ಕಟ್ಟಬೇಕು’ ಎಂದು ಬಾಗಿಲ ಕಡೆ ಹೊರಡುತ್ತಾರೆ. ಮೂರೂವರೆಗೇ ಎಲ್ಲ ದೀಪ ಹಾಕಿ ಪರದೆ ಎಳೆಯುತ್ತೇವೆ. ಕತ್ತಲಾದ ಕಿಟಕಿ ಗಾಜಿನಲ್ಲಿ ತಮ್ಮದೇ ಮುಖ ಕಂಡು ಯಾರೋ ಬಂದರೆಂದು ಹೆದರುವವರಿದ್ದಾರೆ. ‘ಇದೇ ನಿಮ್ಮ ಮನೆ’ ಎಂದು ವಾದಿಸಿದರೆ ಕೆರಳುತ್ತಾರೆ. ‘ಎಷ್ಟು ದನ ಇದ್ವು ಅಜ್ಜ?’ ಎಂದು ಕೇಳುತ್ತ ಚಾ ಕೊಟ್ಟು, ಜೊತೆಗೆ ನಾಲ್ಕು ಸುತ್ತು ನಡೆದರೆ ತಣ್ಣಗಾಗುತ್ತಾರೆ. ಶಾಲೆಯಲ್ಲಿದ್ದವರನ್ನು ಅಕ್ಕೋರೆ, ಮಾಸ್ತರ್ರೆ ಎಂದೇ ಕರೆಯಿರಿ, ಅಜ್ಜಿ ಎಂದರೆ ತಿರುಗಿ ನೋಡದವರು ಆ ಕರೆಗೆ ಎದ್ದು ಬರುತ್ತಾರೆ. ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ. ಕಾರವಾರ ಕಡೆಯವರು ಕನ್ನಡ ಬಿಟ್ಟು ಕೊಂಕಣಿಗೆ ಮರಳುವುದು ಸಾಮಾನ್ಯ. ನೀರು, ನೋವು, ಹಸಿವು, ಬಚ್ಚಲು, ಚಳಿ ಇಷ್ಟನ್ನಾದರೂ ಕೊಂಕಣಿಯಲ್ಲಿ ಕೇಳಲು ಪ್ರತಿ ಕೆಲಸದವರಿಗೂ ಬರಬೇಕು, ಗೋಡೆಗೆ ಬರೆದು ಹಾಕಿದ್ದೇವೆ.

ಯಕ್ಷಗಾನ ಮೇಳಗಳ ತಿರುಗಾಟ ಮೇಗೆ ಮುಗಿಯುತ್ತದೆ, ಮಳೆಗಾಲ ತಾಳಮದ್ದಳೆಯ ಕಾಲ. ಊರಿನ ಹವ್ಯಾಸಿಗಳನ್ನು ಕರೆದರೆ ಬರುತ್ತಾರೆ. ಮುಕ್ಕಾಲು ಗಂಟೆಗೆ ಮುಗಿಸಲು, ಚಂಡೆ ತರದಿರಲು ಮೊದಲೇ ಹೇಳಿ. ಸಂಜೆಗಿಂತ ಬೆಳಿಗ್ಗೆ ಹತ್ತೂವರೆ ಒಳ್ಳೆಯದು, ಮಧ್ಯಾಹ್ನ ಹಸಿವೂ ಆಗುತ್ತದೆ.

ಯಾರಾದರೂ ತೀರಿಕೊಂಡರೆ ಮುಚ್ಚಿಡುವುದಿಲ್ಲ. ಖಾಲಿ ಕುರ್ಚಿ ಎಲ್ಲರಿಗೂ ಕಾಣುತ್ತದೆ. ಆ ದಿನವೇ ಹಾಲ್‌ನಲ್ಲಿ ಹೇಳಿ ದೀಪ ಹಚ್ಚುತ್ತೇವೆ. ಮುಂದಿನ ಒಂದು ವಾರ ಅವರ ಮೇಜಿನವರ ಊಟ ನಿದ್ದೆಯ ಮೇಲೆ ಹೆಚ್ಚು ಕಣ್ಣಿಡುತ್ತೇವೆ.

ನವರಾತ್ರಿ ಹೊತ್ತಿಗೆ ಬಿಸಿಲು ಬಂತೆಂದು ಎಲ್ಲರನ್ನೂ ಒಮ್ಮೆಲೇ ಅಂಗಳಕ್ಕೆ ಇಳಿಸಬೇಡಿ. ಚಿರೆಕಲ್ಲಿನ ಮೇಲೆ ನಾಲ್ಕು ತಿಂಗಳ ಪಾಚಿ ಇರುತ್ತದೆ, ಒಣಗಿದಂತೆ ಕಂಡರೂ ಬೆಳಗಿನ ಇಬ್ಬನಿಗೆ ಜಾರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್‌ನಿಂದ ಉಜ್ಜಿ ತೊಳೆದು, ಎರಡು ದಿನ ಒಣಗಲು ಬಿಟ್ಟು, ಒಬ್ಬೊಬ್ಬರಿಗೆ ಒಬ್ಬೊಬ್ಬರು ಜೊತೆಗಿದ್ದು ಮೊದಲ ವಾರ ಮೆಟ್ಟಿಲಿನಿಂದ ತುಳಸಿಕಟ್ಟೆಯವರೆಗೆ ಮಾತ್ರ ನಡೆಸುತ್ತೇವೆ.