ಈಸ್ಟರ್ ರಜೆಗೆ ವಿಮಾನ ಯಾಕೆ? ಸ್ಟುಟ್‌ಗಾರ್ಟ್‌ನಿಂದ ಬೋಲ್ಜಾನೋಗೆ ರೈಲಿನಲ್ಲಿ ಹೀಗೆ ಹೋಗಿ

ಈಸ್ಟರ್ ಹತ್ತಿರ ಬಂತೆಂದರೆ ಜರ್ಮನಿಯಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ನಾಲ್ಕು ದಿನ ರಜೆ ಇದೆ, ಎಲ್ಲಿಗೆ ಹೋಗೋಣ? ಕೂಡಲೇ ಯಾರಾದರೂ ಅಗ್ಗದ ವಿಮಾನದ ಲಿಂಕ್ ಹಾಕುತ್ತಾರೆ. ರೈಲಿನ ಹೆಸರೆತ್ತಿದರೆ, 'ಹೋದ ಸಲ ಪಟ್ಟ ಪಾಡು ಸಾಕಪ್ಪಾ' ಎನ್ನುವವರೇ ಜಾಸ್ತಿ. ಏನಾಯಿತೆಂದು ಕೇಳಿದರೆ ಹೆಚ್ಚಿನವರ ಪ್ರಯಾಣ ಕೆಟ್ಟಿರುವುದು ಒಂದೇ ಕಡೆ, ರೈಲು ಬದಲಿಸುವಾಗ. ಅದನ್ನು ಸರಿಯಾಗಿ ಯೋಜಿಸಿದರೆ ಉಳಿದದ್ದೆಲ್ಲ ಸಲೀಸು.

1. ಊರು ಆರಿಸಿಕೊಳ್ಳಿ

ಸಣ್ಣ ರಜೆಗೆ ನನ್ನ ನಿಯಮ ಇಷ್ಟೇ: ಒಂದೇ ಸಲ ರೈಲು ಬದಲಿಸಬೇಕು, ಎಂಟು ಗಂಟೆಯೊಳಗೆ ತಲುಪಬೇಕು. ರೋಮ್, ಬಾರ್ಸಿಲೋನಾ ದೊಡ್ಡ ರಜೆಗಿರಲಿ. ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ಗೆ ಎರಡು ಗಂಟೆಯ ಆಸುಪಾಸು. ಅಲ್ಲಿಂದ ಇನ್ಸ್‌ಬ್ರುಕ್, ಬ್ರೆನ್ನರ್ ಕಣಿವೆ ದಾಟಿ ಇಟಲಿಯ ಬೋಲ್ಜಾನೋಗೆ ಸುಮಾರು ನಾಲ್ಕು ಗಂಟೆ. ದಾರಿಯುದ್ದಕ್ಕೂ ಆಲ್ಪ್ಸ್. ಏಪ್ರಿಲ್ ಮಧ್ಯಕ್ಕೆ ಅಲ್ಲಿನ ಸೇಬಿನ ತೋಟಗಳೆಲ್ಲ ಹೂಬಿಟ್ಟಿರುತ್ತವೆ. ಈಸ್ಟರ್ ಮಾರ್ಚ್‌ನಲ್ಲೇ ಬಂದರೆ ಹೂವು ಸಿಗುವುದು ಕಷ್ಟ. ಹೂವೇ ಮುಖ್ಯವಾದರೆ ಒಂದೆರಡು ದಿನ ರಜೆ ಹಾಕಿ ಏಪ್ರಿಲ್‌ನಲ್ಲೇ ಹೋಗಿ.

2. ದಿನ

ಗುಡ್ ಫ್ರೈಡೇ ಹಿಂದಿನ ಗುರುವಾರ ಸಂಜೆ ಹೊರಡಬೇಡಿ. ಆವತ್ತು ಇಡೀ ದೇಶ ರೈಲಿನಲ್ಲಿರುತ್ತದೆ. ಶನಿವಾರ ಬೆಳಗ್ಗೆ ಹೊರಟು ಮಂಗಳವಾರ ಬನ್ನಿ. ಮಂಗಳವಾರ ಒಂದು ದಿನ ರಜೆ ಹಾಕಿದರಾಯಿತು.

3. ಟಿಕೆಟ್ ಮತ್ತು ರೈಲು ಬದಲಾವಣೆ

ಇದನ್ನು ನಿಧಾನವಾಗಿ ಓದಿ. ಜರ್ಮನ್ ರೈಲ್ವೆಯ (ಡಿಬಿ) ಆ್ಯಪ್‌ನಲ್ಲಿ ಹುಡುಕಿದರೆ ಮ್ಯೂನಿಕ್‌ನಲ್ಲಿ ಹತ್ತು ಹನ್ನೆರಡು ನಿಮಿಷದಲ್ಲಿ ರೈಲು ಬದಲಿಸುವ ಪ್ರಯಾಣವೂ ಬರಬಹುದು. ಒಟ್ಟು ಸಮಯ ಕಡಿಮೆ ಎಂದು ಜನ ಅದನ್ನೇ ಒತ್ತುತ್ತಾರೆ. 2024ರಲ್ಲಿ ಜರ್ಮನಿಯ ದೂರದೂರಿನ ರೈಲುಗಳಲ್ಲಿ ಸಮಯಕ್ಕೆ ಬಂದವು ಶೇ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಲೆಕ್ಕಕ್ಕೇ ಹಿಡಿಯದೆ! ಹುಡುಕುವಾಗಲೇ ರೈಲು ಬದಲಿಸಲು ಕನಿಷ್ಠ ಎಷ್ಟು ಸಮಯ ಬೇಕೆಂದು ಆ್ಯಪ್‌ನಲ್ಲಿ ಹೇಳಬಹುದು. ನಲವತ್ತೈದು ನಿಮಿಷಕ್ಕಿಂತ ಕಡಿಮೆ ಇಡಬೇಡಿ. ಮಕ್ಕಳು, ಅಪ್ಪ-ಅಮ್ಮ ಜೊತೆಗಿದ್ದರೆ ಒಂದು ಗಂಟೆ ಇಡಿ. ಮ್ಯೂನಿಕ್ ಸ್ಟೇಷನ್ ದೊಡ್ಡದು. ಎರಡೂ ಬದಿಯ ವಿಭಾಗಗಳಲ್ಲಿರುವ ಪ್ಲಾಟ್‌ಫಾರ್ಮ್‌ಗಳಿಗೆ ಚೆನ್ನಾಗಿ ನಡೆಯಬೇಕು.

ಎರಡನೆಯ ಮಾತು ಇನ್ನೂ ಮುಖ್ಯ. ಸ್ಟುಟ್‌ಗಾರ್ಟ್‌ನಿಂದ ಬೋಲ್ಜಾನೋವರೆಗೆ ಒಂದೇ ಟಿಕೆಟ್ ತೆಗೆಯಿರಿ. ಹಾಗಿದ್ದಾಗ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ರೈಲಿನಲ್ಲಿ ಕಳಿಸುವುದು ರೈಲಿನವರ ಹೊಣೆ. ಊರು ತಲುಪಿದ್ದು ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನ ಶೇ 25, ಎರಡು ಗಂಟೆ ತಡವಾದರೆ ಶೇ 50 ವಾಪಸ್ ಕೇಳಬಹುದು. ನಾಲ್ಕು ಯೂರೋ ಉಳಿಸಲೆಂದು ಎರಡು ವೆಬ್‌ಸೈಟ್‌ಗಳಲ್ಲಿ ಎರಡು ಟಿಕೆಟ್ ತೆಗೆದರೆ ಈ ರಕ್ಷಣೆ ಕೈಬಿಟ್ಟ ಹಾಗೆ.

ನಮ್ಮವರು ಬಹಳ ಮಂದಿ ಹಿಡಿಯುವ ಅಡ್ಡದಾರಿ ಒಂದಿದೆ: ಹೇಗೂ ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ತಿಂಗಳ ಪಾಸ್) ಇದೆಯಲ್ಲ, ಮ್ಯೂನಿಕ್‌ವರೆಗೆ ಅದರಲ್ಲೇ ಹೋಗಿ ಅಲ್ಲಿಂದ ಅಗ್ಗದ ಟಿಕೆಟ್ ತೆಗೆಯೋಣ ಅಂತ. ಅದು ನಡೆಯುವುದು ಪ್ರಾದೇಶಿಕ ರೈಲಿನಲ್ಲಿ ಮಾತ್ರ, ಐಸಿಇ ಎಂಬ ವೇಗದ ರೈಲಿನಲ್ಲಿ ಅಲ್ಲ. ಆ ಪ್ರಾದೇಶಿಕ ರೈಲು ತಡವಾದರೆ, ನಿಗದಿತ ರೈಲಿಗೆ ಮಾತ್ರ ಸಲ್ಲುವ ನಿಮ್ಮ ಅಗ್ಗದ ಟಿಕೆಟ್ ದಂಡ. ಬೇಡ.

ಟಿಕೆಟ್ ಮಾರಿ ಮೇಲೆ ತಮ್ಮದೊಂದು ಶುಲ್ಕ ಹಾಕುವ ಮಧ್ಯವರ್ತಿ ಸೈಟ್‌ಗಳೂ ಬೇಡ. ತೊಂದರೆಯಾದಾಗ ರೈಲಿನವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ರೈಲಿನವರ ಕಡೆ.

ಇಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ಸೀಟ್ ಇರುವುದಿಲ್ಲ ಎಂಬುದೂ ನೆನಪಿರಲಿ. ಎರಡೂ ರೈಲಿಗೆ ಸೀಟ್ ಕಾದಿರಿಸಿ. ಟಿಕೆಟ್‌ನಲ್ಲಿ ಬೋಗಿ ಸಂಖ್ಯೆ ಇರುತ್ತದೆ. ಆ ಬೋಗಿ ಎಲ್ಲಿ ನಿಲ್ಲುತ್ತದೆಂಬುದನ್ನು ಪ್ಲಾಟ್‌ಫಾರ್ಮ್‌ನ ಎ, ಬಿ, ಸಿ ಫಲಕಗಳ ಲೆಕ್ಕದಲ್ಲಿ ತೋರಿಸುತ್ತಾರೆ. ಕೆಲವೊಮ್ಮೆ ಬೋಗಿಗಳ ಸಾಲು ಕೊನೇ ಗಳಿಗೆಯಲ್ಲಿ ತಿರುವುಮುರುವಾಗುತ್ತದೆ. ರೈಲು ಬರುವ ಐದು ನಿಮಿಷ ಮೊದಲು ಬೋರ್ಡ್ ಇನ್ನೊಮ್ಮೆ ನೋಡಿ. ಇಟಲಿಯ ಕಡೆಯ ರೈಲುಗಳಲ್ಲಿ ಕೆಲವು ಬೋಗಿಗಳು ಒಂದು ಊರಿಗೆ, ಕೆಲವು ಇನ್ನೊಂದು ಊರಿಗೆ ಇರುವುದುಂಟು. ಬಾಗಿಲ ಪಕ್ಕದ ಫಲಕದಲ್ಲಿ ಊರಿನ ಹೆಸರು ಓದಿಯೇ ಹತ್ತಿ.

4. ಕಾಗದಪತ್ರ

ಷೆಂಗೆನ್ ಒಳಗೇ ಓಡಾಟ, ಪಾಸ್‌ಪೋರ್ಟ್ ಯಾಕೆ ಅನ್ನಬೇಡಿ. ಪೊಲೀಸರು ರೈಲಿನೊಳಗೇ ಬಂದು ಕೇಳುತ್ತಾರೆ. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಮೂಲಪ್ರತಿಯೇ ಇರಲಿ, ಮೊಬೈಲ್ ಫೋಟೋ ಸಾಲದು. ಬೆಂಗಳೂರಿನಿಂದ ಬಂದಿರುವ ಅಪ್ಪ-ಅಮ್ಮನ ಷೆಂಗೆನ್ ವೀಸಾ ಆಸ್ಟ್ರಿಯಾ, ಇಟಲಿಗೂ ನಡೆಯುತ್ತದೆ. ಅವರ ಪಾಸ್‌ಪೋರ್ಟ್ ಸೂಟ್‌ಕೇಸ್‌ನ ತಳದಲ್ಲಿರದೆ ಕೈಚೀಲದಲ್ಲಿರಲಿ.

5. ಲಗೇಜು, ಊಟ

ದೊಡ್ಡ ಸೂಟ್‌ಕೇಸ್ ಬೇಡ, ಒಬ್ಬರಿಗೊಂದು ಬೆನ್ನಿನ ಚೀಲ ಸಾಕು. ಕುತ್ತಿಗೆ ದಿಂಬು ಸುಮ್ನೆ ದುಡ್ಡು ದಂಡ. ಚಪಾತಿ-ಪಲ್ಯ, ಪುಳಿಯೋಗರೆ ಕಟ್ಟಿಕೊಳ್ಳಿ.

6. ಅಲ್ಲಿ ಇಳಿದ ಮೇಲೆ

ಬೋಲ್ಜಾನೋ ಇರುವ ಪ್ರಾಂತ್ಯ ಸೌತ್ ಟಿರೋಲ್. ರೂಮ್ ಬುಕ್ ಮಾಡುವಾಗಲೇ ಸೌತ್ ಟಿರೋಲ್ ಗೆಸ್ಟ್ ಪಾಸ್ ಕೊಡುತ್ತೀರಾ ಎಂದು ಕೇಳಿ. ಅದಿದ್ದರೆ ಸ್ಥಳೀಯ ಬಸ್ಸು, ರೈಲಿಗೆ ಬೇರೆ ಟಿಕೆಟ್ ಬೇಕಿಲ್ಲ. ಒಂದು ದಿನ ಪ್ರಾದೇಶಿಕ ರೈಲಿನಲ್ಲಿ ಮೆರಾನೋಗೆ ಹೋಗಿ, ಮಾರ್ಲಿಂಗ್‌ನ ಹಳೆಯ ನೀರುಗಾಲುವೆಯ ದಂಡೆಯ ಮೇಲೆ ನಡೆಯಿರಿ. ಸುಮಾರು 12 ಕಿಲೋಮೀಟರ್, ಏರು ಬಹಳ ಕಡಿಮೆ. ಒಂದು ಪಕ್ಕ ಕಿರಿದಾದ ಕಾಲುವೆಯಲ್ಲಿ ನೀರು ಹರಿಯುತ್ತಿರುತ್ತದೆ, ಇನ್ನೊಂದು ಪಕ್ಕ ಕೆಳಗೆ ಸೇಬಿನ ತೋಟ. ಸುಸ್ತಾದರೆ ಅರ್ಧಕ್ಕೇ ಇಳಿದು ಬರಬಹುದು. ಅಮ್ಮಂದಿರಿಗೂ ಇದು ಹಿಡಿಸುತ್ತದೆ. ಬೋಲ್ಜಾನೋದ ವಸ್ತು ಸಂಗ್ರಹಾಲಯದಲ್ಲಿ, 1991ರಲ್ಲಿ ಆಲ್ಪ್ಸ್‌ನ ಹಿಮದಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಳೆಯ ಓಟ್ಜಿ ಎಂಬ ಮನುಷ್ಯನ ದೇಹವಿದೆ. ಟಿಕೆಟ್ ಮೊದಲೇ ತೆಗೆಯಿರಿ.

7. ವಾಪಸಾತಿ

ಬರುವಾಗ ಮ್ಯೂನಿಕ್‌ನಲ್ಲಿ ಇನ್ನೂ ಜಾಸ್ತಿ ಸಮಯ ಇಟ್ಟುಕೊಳ್ಳಿ. ಜರ್ಮನಿಗೆ ಬರುವ ರೈಲುಗಳನ್ನು ಗಡಿಯಲ್ಲಿ ತಪಾಸಣೆಗೆ ನಿಲ್ಲಿಸಿದರೆ ಹೊತ್ತು ಹೋಗುತ್ತದೆ. ದಿನದ ಕೊನೆಯ ರೈಲನ್ನಂತೂ ನಂಬಿಕೊಳ್ಳಬೇಡಿ. ಬೋಲ್ಜಾನೋದಿಂದ ಬೆಳಗ್ಗೆಯೇ ಹೊರಟರೆ, ಒಂದು ರೈಲು ತಪ್ಪಿದರೂ ರಾತ್ರಿಯೊಳಗೆ ಮನೆ ಸೇರಬಹುದು.